ಹುಮನಾಬಾದಿನ ಹಸಿರು ಗೆರೆ

ಪೊಲೀಸ್ ಅಧಿಕಾರಿ ವೈಜನಾಥ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದ.

ಹೊರಗೆ ಹುಮನಾಬಾದಿನ ಹೆದ್ದಾರಿಯ ಮೇಲೆ ಮೋಡ ಕವಿದ ಮಧ್ಯಾಹ್ನ. ಶ್ರಾವಣ ಮುಗಿದರೂ ಆಕಾಶ ಬಿಚ್ಚಿಕೊಂಡಿರಲಿಲ್ಲ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಹೈದರಾಬಾದಿನ ಕಡೆ ಹೋಗುವ ಲಾರಿಗಳು ಬೂದುಬಣ್ಣದ ಹೊಗೆ ಉಗುಳುತ್ತ ಕೆಳಗೆ ಸಾಗುತ್ತಿದ್ದವು. ಗಾಜಿನೊಳಗಿಂದ ಬಂದದ್ದು ಮಂಕು ಬೆಳಕು. ಆದರೂ ಅಷ್ಟು ಸಾಕಾಯಿತು.

ಮೇಲಿನ ಹಾಳೆಯ ಗೆರೆ ಕೆಳಗಿನ ಹಾಳೆಯ ಗೆರೆಯಲ್ಲಿ ಕರಗಿ ಹೋಯಿತು.

ಏರಿದಲ್ಲಿ ಏರಿತ್ತು, ಇಳಿದಲ್ಲಿ ಇಳಿದಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎರಡೂ ಥಂಡಿ ಮಶೀನಿನ ಒತ್ತಡದ ಗೆರೆಗಳು. ಒಂದು ಹಾಳೆ ಪಂಚಮಿ ಹಬ್ಬದ ಹಿಂದಿನ ದಿನದ್ದು. ಇನ್ನೊಂದು, ಬಸವಕಲ್ಯಾಣದ ಹೊರಗೆ ಶಿವರಾಜ ಸಾಹುಕಾರರ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಗ್ಯಾಸು ಸೋರಿ, ಮಶೀನ್ ನೋಡಿಕೊಳ್ಳುತ್ತಿದ್ದ ಗುಂಡಪ್ಪನೂ ಹುಣಸೆಹಣ್ಣು ಬಿಡಿಸುತ್ತಿದ್ದ ಶಕುಂತಲಾಬಾಯಿಯೂ ಸತ್ತ ಸೋಮವಾರದ್ದು.

"ಇಲ್ಲಿ ಬರ್ರಿ ಪೂನಂ ಅವರ," ಎಂದ ವೈಜನಾಥ. "ಇದನ್ನ ನೋಡ್ರಿ."

ಪೂನಂ ಕುರ್ಚಿಯಿಂದ ಏಳಲಿಲ್ಲ. ಸಾಹುಕಾರರ ಈ ಮಹಡಿಯ ಮೇಲಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವವಳು ಅವಳೊಬ್ಬಳೇ. ಇಪ್ಪತ್ತೈದರ ಆಜುಬಾಜಿನ ಹುಡುಗಿ. ಅವನು ಒಳಗೆ ಬಂದಾಗಿನಿಂದ ಅವಳು ಕುರ್ಚಿಯನ್ನು ಓರೆ ತಿರುಗಿಸಿಕೊಂಡು, ಪರದೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಹೆಗಲ ಮೇಲಿನ ಓಢಣಿಯ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

"ನಂಗ ಕಾಣಾಕತ್ತದ್ರಿ ಸಾಹೇಬ್ರೆ," ಎಂದಳು. "ಎರಡೂ ಒಂದೇ ಅವ."

"ಎರಡು ಬ್ಯಾರೆ ದಿನ ಒಂದು ಮಶೀನು ಹಿಂಗ ಒಂದೇ ನಮೂನಿ ನಡೀತದೇನು?"



ಉತ್ತರ ವೈಜನಾಥನಿಗೆ ಬೇಕಾಗಿಯೂ ಇರಲಿಲ್ಲ. ಆ ಸೋಮವಾರ ಬೆಳಿಗ್ಗೆ ಅವನು ಬಸವಕಲ್ಯಾಣದ ತನ್ನ ಮನೆಯಲ್ಲಿ ಗಡ್ಡ ಹೆರೆಯುತ್ತ ನಿಂತಾಗ ಕರೆಂಟು ಹೋಗಿತ್ತು. ಕನ್ನಡಿಯ ಮೇಲಿನ ದೀಪ ಆರಿ ಗಲ್ಲ ಕೊಯ್ದುಕೊಂಡ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಅರ್ಧ ಊರಿಗೇ, ಕೋಲ್ಡ್ ಸ್ಟೋರೇಜಿನ ಕಡೆಗೂ ಕರೆಂಟಿಲ್ಲ. ಅಲ್ಲಿಯ ಜನರೇಟರ್ ಕೆಟ್ಟು ಎಷ್ಟೋ ತಿಂಗಳು. ಅಂದ ಮೇಲೆ ಮಶೀನು ನಿಂತಿರಲೇಬೇಕು. ಒಳಗಿನ ಒತ್ತಡ ಏರಿರಲೇಬೇಕು. ಈ ಹಾಳೆಯ ಮೇಲಿನ ಗೆರೆ ಮಾತ್ರ ಏನೂ ಆಗಿಲ್ಲವೆಂಬಂತೆ ತಣ್ಣಗೆ ಹರಿದು ಹೋಗಿತ್ತು.

ಸಾಹುಕಾರರ ವಾದವೆಲ್ಲ ನಿಂತದ್ದು ಇದೇ ಗೆರೆಯ ಮೇಲೆ. ಮಶೀನು ಕೊನೆಯವರೆಗೂ ಸರಿಯಾಗಿತ್ತು, ತಪ್ಪು ವಾಲ್ವ್ ತಿರುಗಿಸಿದವನು ಗುಂಡಪ್ಪ, ತಾನೂ ಸತ್ತ, ಪಾಪದ ಹೆಣ್ಣುಮಗಳನ್ನೂ ಕೊಂದ. ಮೊದಲ ದಿನದಿಂದ ಅವರು ಹೇಳುತ್ತ ಬಂದದ್ದು ಇಷ್ಟೇ.

"ಈ ನಂಬರು ಕಲ್ಯಾಣದಿಂದ ಇಲ್ಲೀತನಕ ಹ್ಯಾಂಗ ಬರ್ತಾವ? ನಂಗ ತಿಳಿಯೋ ಹಂಗ ಹೇಳ್ರಿ."

ಪೂನಂ ನಿಧಾನ ಪರದೆಯ ಕಡೆ ತಿರುಗಿದಳು. "ಅಲ್ಲಿ ಮಶೀನಿಗೆ ಒಂದು ಕಂಪ್ಯೂಟರ್ ಹಚ್ಚ್ಯಾರ್ರಿ. ಕರೆಂಟು ಹೋದ್ರೂ ಬ್ಯಾಟರಿ ಮ್ಯಾಲ ನಡೀತದ. ಅದು ಅರ್ಧಾ ತಾಸಿಗೊಮ್ಮೆ ತಾನೇ ಇಲ್ಲಿಗೆ ಫೋನ್ ಹಚ್ಚತದ. ಇಲ್ಲಿ ಈ ಮೋಡೆಮ್ ಎತ್ಕೋತದ. ಒತ್ತಡ ಎಷ್ಟು, ಥಂಡಿ ಎಷ್ಟು, ಎಲ್ಲಾ ಕಳಿಸಿ ಫೋನ್ ಇಡ್ತದ. ಠೀಕ್ ಇದ್ರ ಹಸರ ಗೆರಿ, ಹೆಚ್ಚಾದ್ರ ಕೆಂಪು."

"ಯಾರೂ ಏನೂ ಮಾಡಬೇಕಾಗಿಲ್ಲ?"

"ಇಲ್ರಿ. ಯಾವ ಹೊತ್ತಿಗೆ ಕಳಸಬೇಕು, ಯಾವ ಫೈಲ್ ಎಲ್ಲಿಂದ ತಗೋಬೇಕು, ಯಾವ ನಂಬರಿಗೆ ಹಚ್ಚಬೇಕು ಅಂತ ಒಮ್ಮೆ ತುಂಬಿಟ್ರ ಮುಗೀತು, ಅದರ ನಕಲು ಇಲ್ಲೂ ಇರ್ತದ. ಆಮ್ಯಾಲ ಅದು ದಿನಾ ತನ್ನ ಪಾಡಿಗೆ ತಾ ಕಳಸ್ತಿರ್ತದ."

"ತುಂಬಿದ್ದು ತೋರಸ್ರಿ."

ಅವಳು ಮೌಸ್ ಹಿಡಿದಳು. ಪರದೆಯ ಮೇಲೆ ಒಂದರ ಹಿಂದೊಂದು ಕಿಟಕಿಗಳನ್ನು ತೆರೆದಳು. ಹೊತ್ತು ಸರಿಯಿತ್ತು. ಫೋನ್ ನಂಬರೂ ಸರಿಯಿತ್ತು. ಫೈಲ್ ಎಲ್ಲಿಂದ ಎನ್ನುವ ಖಾನೆಗೆ ಬಂದಾಗ ಅವಳೇ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಮಶೀನಿನ ಫೋಲ್ಡರ್ ಅಲ್ರಿ."

"ಮತ್ತ?"

"ಹಳೇ ಫೈಲ್ ಇಡೋ ಜಾಗಾ." ಅವಳ ದನಿ ಸಣ್ಣಗಾಯಿತು. "ಯಾರೋ ಬದಲಿ ಮಾಡ್ಯಾರ. ಮಶೀನ್ ಏನ ಹೇಳ್ತದೋ ಅದನ್ನ ಬಿಟ್ಟು, ಹಳೇ ದಿನದ ಫೈಲ್ ತಗೊಂಡು, ತಾರೀಖ ಅಷ್ಟೇ ಹೊಸಾದು ಹಾಕಿ ಕಳಸ್ರಿ ಅಂತ ಹೇಳಿಟ್ಟಾರ."

"ಯಾರ ಮಾಡ್ಯಾರ? ಅದು ಹೇಳ್ತದ ಏನು?"

ಪೂನಂ ಕೆಳಗಿನ ಸಾಲಿಗೆ ಬೆರಳಿಟ್ಟಳು. ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಒಂದು ಹೆಸರು, ಮಗ್ಗುಲಲ್ಲಿ ದುರ್ಘಟನೆಯ ಹಿಂದಿನ ದಿನ, ಭಾನುವಾರ ಸಂಜೆಯ ಹೊತ್ತು.

ಗುಂಡಪ್ಪ.

ವೈಜನಾಥ ಮೇಜಿನ ಅಂಚಿಗೆ ಕುಳಿತುಬಿಟ್ಟ.

ಇಂದು ಮುಂಜಾನೆ ಗುಂಡಪ್ಪನ ಹೆಂಡತಿ ಸುಮನಬಾಯಿ ತಮ್ಮ ಹಳ್ಳಿ ಮೋರಖಂಡಿಯಿಂದ ಸ್ಟೇಷನ್ನಿಗೆ ಬಂದಿದ್ದಳು. ಬೆಂಚಿನ ಮೇಲೆ ಕೂಡ್ರಿ ಎಂದರೂ ಕೂಡಲಿಲ್ಲ, ಬಾಗಿಲ ಹೊರಗೆ ನೆಲದ ಮೇಲೆ ಕುಳಿತಳು. ಶಕುಂತಲಾಬಾಯಿಯ ಮನೆ ಅವಳ ಮನೆಗೆ ಗೋಡೆಗೆ ಗೋಡೆ ಹಚ್ಚಿಕೊಂಡೇ ಇತ್ತು. ಸತ್ತವಳ ಮಕ್ಕಳು ದಿನಾ ಇವಳ ಒಲೆಯ ಮುಂದೆ ಕುಳಿತು ರೊಟ್ಟಿ ತಿಂದು ಬೆಳೆದವರು.

"ಈಗ ನನ್ನ ನೋಡಿದ್ರ ಬಾಗ್ಲಾ ಹಾಕ್ಕೋತಾವ್ರಿ ಕೂಸುಗಳು," ಎಂದಿದ್ದಳು. "ಬೋರಿಗೆ ಹೋದ್ರ ಹೆಣ್ಮಕ್ಕಳು ಕೊಡಾ ಎತ್ಕೊಂಡು ಸರೀತಾರ. ನಿನ್ನ ಗಂಡ ಕುಡದು ನಮ್ಮ ಮನಿ ಹಾಳ ಮಾಡ್ದ ಅಂತಾರ. ಸಾಹೇಬ್ರೆ, ಅಂವ ಕುಡೀತಿದ್ದಿಲ್ರಿ. ಸತ್ತಾಂವ ಹೆಂಗೂ ತಿರುಗಿ ಬರಾಂಗಿಲ್ಲ. ಆ ಮಾತರ ತೆಗೀರಿ ಅವನ ಮ್ಯಾಲಿಂದ."

ತೆಗೆಯುತ್ತೇನೆ ಎಂದು ಅವನು ಹೇಳಿರಲಿಲ್ಲ. ಇಲ್ಲ ಎಂದೂ ಹೇಳಿರಲಿಲ್ಲ. ಈಗ ಪರದೆಯ ಮೇಲಿನ ಹೆಸರು ನೋಡುತ್ತ, ಆ ಹೆಂಗಸಿಗೆ ಯಾವ ಮುಖ ತೋರಿಸಲಿ ಎಂದುಕೊಂಡ.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಪೂನಂ ಎತ್ತಿದಳು. "ಹೌದ್ರಿ ಮಾಲಕ... ಇಲ್ಲೇ ಅದಾರ್ರಿ..." ಅವಳು ರಿಸೀವರನ್ನು ವೈಜನಾಥನ ಕಡೆ ಚಾಚಿದಳು.

"ಏನ್ರಿ ವೈಜನಾಥ ಸಾಹೇಬ್ರೆ," ಶಿವರಾಜ ಸಾಹುಕಾರರ ದನಿ ಎಂದಿನಂತೆ ಬೆಣ್ಣೆಯಲ್ಲಿ ಅದ್ದಿದಂತಿತ್ತು. "ಚಾ ಗೀ ಆತೋ ಇಲ್ಲೋ? ನಮ್ಮ ಹುಡುಗಿಗೆ ಭಾಳ ಪರೇಶಾನ್ ಮಾಡಬ್ಯಾಡ್ರಿ. ಗುಂಡಪ್ಪ ಮಾಡಿದ್ದು ಎಲ್ಲಾರಿಗೂ ಗೊತ್ತಿದ್ದದ್ದೇ. ಅದರಾಗೂ ಅವನ ಹೆಸರೇ ಐತಲ್ರಿ, ಇನ್ನೇನ ಬೇಕು?"

"ಹೌದ್ರಿ," ಎಂದ ವೈಜನಾಥ. ಫೋನಿಟ್ಟ.

ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಆ ಖಾನೆಯನ್ನು ಅವರು ತೆರೆದು ನೋಡಿದ್ದು ಈಗಷ್ಟೇ. ಕೋಣೆಯಲ್ಲಿ ತಾವಿಬ್ಬರೇ. ಪೂನಂ ಫೋನಿನಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಲ್ಲಿ ಗುಂಡಪ್ಪನ ಹೆಸರಿದೆ ಎಂದು ಸಾಹುಕಾರರಿಗೆ ಯಾರು ಹೇಳಿದರು?

"ಗುಂಡಪ್ಪನ ಹೆಸರ್ಲೆ ಒಳಗ ಹೋಗಬೇಕಂದ್ರ ಪಾಸ್‌ವರ್ಡ್ ಬೇಕಲ್ಲ?"

"ಬೇಕ್ರಿ. ಆದ್ರ ಎಲ್ಲಾರ ಪಾಸ್‌ವರ್ಡೂ ಅವರವರ ಹೆಸರೇ. ಗುಲಬರ್ಗಾದ ಸತೀಶಕುಮಾರ ಬಂದು ಇದನ್ನ ಕೂಡಿಸಿಕೊಟ್ಟಾಗ ಹಂಗೇ ಇಟ್ಟು ಹೋದ. ಆಮ್ಯಾಲ ಬದಲಿ ಮಾಡ್ಕೋರಿ ಅಂದಿದ್ದ. ಯಾರೂ ಮಾಡಲಿಲ್ಲ."

ಆ ಸತೀಶಕುಮಾರನನ್ನೇ ಹುಡುಕುತ್ತ ಹೆಡ್ ಕಾನ್‌ಸ್ಟೇಬಲ್ ನಬೀಸಾಬ್ ಎರಡು ಸಲ ಗುಲಬರ್ಗಾಕ್ಕೆ ಹೋಗಿ ಬಂದಿದ್ದ. ಕೋಣೆಗೆ ಬೀಗ, ಮೊಬೈಲು ಬಂದ್. ದುರ್ಘಟನೆಯ ಮರುದಿನದಿಂದ ಅವನನ್ನು ಕಂಡವರಿಲ್ಲ.

ಅಂದರೆ ಗುಂಡಪ್ಪನ ಹೆಸರಿನಿಂದ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಆದರೆ ಹೋಗಬಹುದಿತ್ತು ಎನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮೋರಖಂಡಿಯ ಬೋರಿನ ಹತ್ತಿರ ಮೊದಲೇ ನಿಲ್ಲುವುದಿಲ್ಲ.

ವೈಜನಾಥ ಎದ್ದು ಹೋಗಿ ಬಾಗಿಲು ಮುಚ್ಚಿದ. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತ.

"ಆ ದಿನ ಮುಂಜಾನೆ ಗುಂಡಪ್ಪ ನಿಮಗ ಫೋನ್ ಮಾಡಿದ್ದ."

ಓಢಣಿ ಸುತ್ತುತ್ತಿದ್ದ ಬೆರಳು ನಿಂತಿತು.

"ಇಲ್ರಿ."

"ಹುಣಸೆಹಣ್ಣಿನ ಹೆಣ್ಮಕ್ಕಳೊಳಗ ಒಬ್ಬಾಕಿ ಇನ್ನೂ ಬೀದರ್ ದವಾಖಾನ್ಯಾಗ ಮಲಗ್ಯಾಳ. ನಿನ್ನೆ ಆಕಿಗೆ ಮಾತು ಬಂದದ. ಸುಮನಬಾಯಿ ನೋಡಾಕ ಹೋಗಿದ್ಲು. ಆಕಿ ಮುಂದ ಹೇಳ್ಯಾಳ, ಗುಂಡಪ್ಪ ಫೋನ್ ಹಿಡಕೊಂಡು ಒದರಾಕತ್ತಿದ್ನಂತ. 'ಮೇಡಂರೇ, ಇನ್ನೊಮ್ಮೆ ನೋಡ್ರಿ, ಇನ್ನೊಮ್ಮೆ ಚಂದಾಗಿ ನೋಡ್ರಿ' ಅಂತ."

"ಬ್ಯಾರೆ ಯಾರಿಗರ ಮಾಡಿರಬೇಕು."

"ಬ್ಯಾರೆ ಯಾವ ಮೇಡಂ ಅದಾರ ಈ ಕಂಪನ್ಯಾಗ?"

"ನಂಗ ಗೊತ್ತಿಲ್ರಿ ಸಾಹೇಬ್ರೆ. ಖರೆ ಗೊತ್ತಿಲ್ಲ."

"ಏನ ನೋಡ್ರಿ ಅಂದ ಅಂವ? ಏನ ಇತ್ತು ನೋಡೋದು?"

ಅವಳು ತಲೆ ಅಲ್ಲಾಡಿಸಿದಳು. ಅಲ್ಲಾಡಿಸುತ್ತಲೇ ಇದ್ದಳು. ವೈಜನಾಥ ಮುಂದೆ ಕೇಳಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕಲಿತದ್ದೇನಾದರೂ ಇದ್ದರೆ, ಯಾವಾಗ ಸುಮ್ಮನಿರಬೇಕು ಎನ್ನುವುದು ಅದರಲ್ಲಿ ಒಂದು. ಕೆಳಗೆ ಯಾವುದೋ ಲಾರಿಯ ಹಾರ್ನು ಉದ್ದಕ್ಕೆ ಕೂಗಿ ನಿಂತಿತು.

"ವಾಸನಿ ಬರಾಕತ್ತದ ಅಂದನ್ರಿ," ಎಂದಳು ಪೂನಂ.

ಅಳುವಿನ ದನಿಯಲ್ಲ. ಒಣಗಿದ ದನಿ.

"ವಾಸನಿ ಬರಾಕತ್ತದ ಮೇಡಂರೇ, ಕಣ್ಣು ಉರಿಯಾಕತ್ತಾವ, ಹೆಣ್ಮಕ್ಕಳಿಗೆ ಹೊರಗ ಕಳಸ್ಲಿ ಏನು ಅಂದ. ಮಶೀನ್ ರೂಮಿನ ಒತ್ತಡ ತೋರಸೋ ಕಾಟಾ ಕೆಟ್ಟು ವರ್ಷ ಆಗ್ಯದ್ರಿ, ಮುಳ್ಳು ಅಳ್ಳಾಡಂಗಿಲ್ಲ. ಕಂಪ್ಯೂಟರ್ ಬಂದದಲ್ಲ, ಅದೇ ಹೇಳ್ತದ ಅಂತ ಮಾಲಕ್ ಅದರ ದುರಸ್ತಿ ಮಾಡಿಸಲಿಲ್ಲ. ಅಲ್ಲಿಯವ್ರಿಗೆ ಏನ ತಿಳೀಬೇಕಾದ್ರೂ ನನ್ನೇ ಕೇಳಬೇಕು."

"ಕೇಳಿದ."

"ಕೇಳಿದ. ನಾ ನೋಡ್ದೆ. ಹಸರ ಇತ್ತು. ಏನೂ ಆಗಿಲ್ರಿ, ಒತ್ತಡ ಬರೋಬ್ಬರಿ ಅದ ಅಂದೆ. ಇನ್ನೊಮ್ಮೆ ನೋಡ್ರಿ ಅಂದ. ಇನ್ನೊಮ್ಮೆ ನೋಡ್ದೆ. ಅಷ್ಟೊತ್ತಿಗೆ ಹೊಸಾದೂ ಬಂತು. ಅದೂ ಹಸರ. ಹಂಗಂದ್ರ ಕೆಲ್ಸ ನಿಲ್ಲಸಬ್ಯಾಡ್ರಿ ಅಂದೆ. ಮೊದಲ ಒಮ್ಮೆ ಹಿಂಗೇ ವಾಸನಿ ಅಂತ ನಿಲ್ಲಿಸಿದ್ದಕ್ಕ ಮಾಲಕ್ ನಂಗ ಎಲ್ಲಾರ ಮುಂದ ಬೈದಿದ್ರು. ಅದಕ್ಕ ಅಂದೆ."

"ಅಂವ ಏನಂದ?"

ಪೂನಂ ಮೇಜಿನ ಮೇಲಿನ ಫೋನನ್ನು ನೋಡಿದಳು.

"ನೀವು ಹೇಳಿದ ಮ್ಯಾಲ ಖರೇನೇ ಇರಬೇಕು ಬಿಡ್ರಿ ಅಂದ. ಅಂದು ಫೋನ್ ಇಟ್ಟ."

ಈಗ ಅವಳು ಅತ್ತಳು. ಮುಖ ಮುಚ್ಚಿಕೊಳ್ಳದೆ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕುಳಿತೇ ಅತ್ತಳು. ವೈಜನಾಥ ಎದ್ದು ಮೂಲೆಯ ಮಡಕೆಯಿಂದ ನೀರು ತಂದು ಅವಳ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ.

ಆ ಅಳುವಿನ ನಡುವೆಯೇ ಅವನ ತಲೆಯೊಳಗೆ ಒಂದು ಗಂಟು ಸಡಿಲಾಯಿತು. ಎಷ್ಟು ಸರಳ, ಎಷ್ಟು ಹೊತ್ತಿನಿಂದ ಕಣ್ಣ ಮುಂದೆಯೇ ಇತ್ತು.

"ತಂಗೀ," ಎಂದ. ಇಷ್ಟು ಹೊತ್ತೂ ಆಡದ ಸಲಿಗೆ ತಾನಾಗಿಯೇ ಬಾಯಿಗೆ ಬಂತು. "ಇಲ್ಲಿ ಕೇಳು. ಗುಂಡಪ್ಪನೇ ಭಾನುವಾರ ಸಂಜೀಗೆ ಸುಳ್ಳು ಫೈಲ್ ಕೂಡಿಸಿದ್ದಿದ್ರ, ಸೋಮವಾರ ಮುಂಜಾನೆ ನಿಂಗ ಫೋನ್ ಹಚ್ಚಿ ಪರದೆದಾಗ ಏನ ಕಾಣಾಕತ್ತದ ಅಂತ ಯಾಕ ಕೇಳ್ತಿದ್ದ?"

ಪೂನಂ ಕಣ್ಣೆತ್ತಿ ನೋಡಿದಳು.

"ತಾನೇ ಹಸರ ಬಳದಾಂವ ಬಣ್ಣ ಯಾವುದು ಅಂತ ಕೇಳಂಗಿಲ್ಲ. ಒಮ್ಮೆ ಅಲ್ಲ, ಎರಡ ಸಲ ಕೇಳ್ಯಾನ. ಜೀವದ ಹೆದರಿಕಿ ಇಟ್ಕೊಂಡು ಕೇಳ್ಯಾನ. ಅವನಿಗೆ ಇದು ಗೊತ್ತೇ ಇದ್ದಿಲ್ಲ."

"ಹಂಗಂದ್ರ..."

"ನೀ ಈಗ ಹೇಳಿದ್ದನ್ನ ಕೋರ್ಟಿನ್ಯಾಗ ಹೇಳಿದ್ರ ಗುಂಡಪ್ಪನ ಮ್ಯಾಲಿನ ಮಾತು ಹೋಗ್ತದ. ಆದ್ರ ಕೆಲ್ಸ ನಿಲ್ಲಸಬ್ಯಾಡ್ರಿ ಅಂದಾಕಿ ನೀನು ಅಂತಾನೂ ಎಲ್ಲಾರಿಗೂ ಗೊತ್ತಾಗ್ತದ. ಅದನ್ನ ನಾ ಮುಚ್ಚಿಡಾಕ ಬರಂಗಿಲ್ಲ. ವಿಚಾರ ಮಾಡು."

ಅವಳು ವಿಚಾರ ಮಾಡಿದಂತೆ ಕಾಣಲಿಲ್ಲ. ಓಢಣಿಯಿಂದ ಮುಖ ಒರೆಸಿಕೊಂಡಳು. "ರಾತ್ರಿ ನಿದ್ದಿ ಬಂದ್ರ ಅಂವ ಕನಸಿನ್ಯಾಗ ಬರ್ತಾನ್ರಿ. ಬೈಯಂಗಿಲ್ಲ. ಇನ್ನೊಮ್ಮೆ ನೋಡ್ರಿ ಅಂತಾನ ಅಷ್ಟೇ. ಹೇಳ್ತೀನಿ ಸಾಹೇಬ್ರೆ. ಆ ಸುಮನಬಾಯಿಯವ್ರ ಮುಂದೂ ನಾನೇ ಹೇಳ್ತೀನಿ."

ವೈಜನಾಥ ತಲೆದೂಗಿದ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸತ್ತವನನ್ನು ಬಿಡಿಸಲು ಬದುಕಿದ್ದವಳನ್ನು ಕಟ್ಟಬೇಕಾಗಿತ್ತು. ಇಬ್ಬರನ್ನೂ ಈ ಗುಂಡಿಗೆ ತಳ್ಳಿದವನು ಮಾತ್ರ ಎಲ್ಲೋ ಚಹಾ ಕುಡಿಯುತ್ತ ಕುಳಿತಿರಬೇಕು. ಕಲ್ಯಾಣದಿಂದ ಬರುವ ಗೆರೆ ಹಸಿರಾಗಿಯೇ ಇರಬೇಕೆಂದು ಯಾರಿಗೆ ಬೇಕಿತ್ತು? ಅಷ್ಟು ತುರ್ತಾಗಿ, ಅದೂ ಭಾನುವಾರ ಸಂಜೆ?

ಅವನು ಆ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವಷ್ಟರಲ್ಲಿ ಮೂಲೆಯ ಸ್ಟೂಲಿನ ಮೇಲಿದ್ದ ಮೋಡೆಮ್ ಕಿರುಚಿತು.

ಇಬ್ಬರೂ ಬೆಚ್ಚಿಬಿದ್ದರು. ಪೆಟ್ಟಿಗೆಯ ಕೆಂಪು ದೀಪಗಳು ಮಿಣಮಿಣ ಎಂದವು. ಎರಡು ಬೆಕ್ಕುಗಳು ಜಗಳಾಡಿದಂಥ ಕರ್ಕಶ ಸದ್ದು ಕೋಣೆ ತುಂಬಿ, ಒಮ್ಮೆಲೇ ನಿಂತಿತು. ಪರದೆಯ ಮೇಲೆ ಪೆಟ್ಟಿಗೆಯೊಂದು ತೆರೆದುಕೊಂಡಿತು. ಅದರೊಳಗೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು.

ಹಸಿರು ಗೆರೆ.

"ಇದು ಕಲ್ಯಾಣದ್ದೇನು?"

"ಹೌದ್ರಿ. ಕಲ್ಯಾಣದ ಮಶೀನು ಅಂತಾನೇ ತೋರಸಾಕತ್ತದ. ಇವತ್ತಿನ ತಾರೀಖೇ ಅದ." ಪೂನಂ ಕುರ್ಚಿಯಿಂದ ಎದ್ದು ನಿಂತಿದ್ದಳು. "ಸಾಹೇಬ್ರೆ, ಇದು ಹ್ಯಾಂಗ ಸಾಧ್ಯ ಅದ? ಅಪಘಾತ ಆದಾಗಿಂದ ಒಂದೂ ಬಂದಿಲ್ಲ."

ಬರುವುದು ಸಾಧ್ಯವೇ ಇರಲಿಲ್ಲ. ಕೋಲ್ಡ್ ಸ್ಟೋರೇಜಿನ ಫ್ಯೂಜು ಕಿತ್ತು, ಬಾಗಿಲಿಗೆ ಅರಗಿನ ಮುದ್ರೆ ಒತ್ತಿಸಿದವನು ವೈಜನಾಥನೇ. ಅಲ್ಲಿಯ ಕಂಪ್ಯೂಟರನ್ನು ಗೋಣಿತಟ್ಟಿನಲ್ಲಿ ಸುತ್ತಿ ಜೀಪಿಗೆ ಏರಿಸಿದ್ದೂ ಅವನ ಕಣ್ಣೆದುರಿಗೇ. ಅದು ಈಗ ಕಲ್ಯಾಣದ ಸ್ಟೇಷನ್ನಿನ ಒಳಕೋಣೆಯಲ್ಲಿತ್ತು, ಬೀಗದ ಕೈ ಅವನ ಸೊಂಟದಲ್ಲಿ.

"ಇನ್ನೊಂದು ಕಂಪ್ಯೂಟರ್ ಅದ," ಎಂದ ವೈಜನಾಥ. "ಅದೇ ಹೆಸರು ಹಾಕ್ಕೊಂಡು ಬ್ಯಾರೆ ಎಲ್ಲಿಂದಲೋ ಕಳಸಾಕತ್ತಾರ. ಎಲ್ಲಿಂದ ಬಂತು ಅಂತ ಗೊತ್ತಾಗ್ತದೇನು?"

ಪೂನಂ ಮೋಡೆಮಿನ ಮಗ್ಗುಲಲ್ಲಿದ್ದ ಸಣ್ಣ ಡಬ್ಬಿಯನ್ನು ತೋರಿಸಿದಳು. ಫೋನ್ ಮಾಡಿದವರ ನಂಬರು ಮೂಡುವ ಡಬ್ಬಿ. ಅವನು ಬಗ್ಗಿ ನೋಡಿದ. ಕಲ್ಯಾಣದಿಂದ ಬಂದಿದ್ದರೆ ಮುಂದೆ ಎಸ್‌ಟಿಡಿ ಕೋಡು ಇರಬೇಕಿತ್ತು. ಇರಲಿಲ್ಲ. ಬರೀ ನಂಬರು.

"ಇದೇ ಊರಿಂದ ಬಂದದ. ಹುಮನಾಬಾದಿನ್ಯಾಗಿಂದ. ಯಾರ ನಂಬರ ಇದು?"

ಅವಳು ಅವನ ಹೆಗಲ ಮೇಲಿಂದ ಇಣುಕಿದಳು.

"ನಮ್ಮ ಮನೀದು."

ವೈಜನಾಥ ತಿರುಗಿದ. ಇಷ್ಟು ಹೊತ್ತು ನಂಬಿದ್ದ ಮುಖವನ್ನು ಮತ್ತೊಮ್ಮೆ ಮೊದಲಿನಿಂದ ಓದುವಂತೆ ನೋಡಿದ. ಅಲ್ಲಿ ನಾಟಕವಿದ್ದರೆ ಅದು ಅವನು ಕಂಡ ನಾಟಕಗಳಲ್ಲೆಲ್ಲ ದೊಡ್ಡದು. ತುಟಿ ಬಿಳಿಚಿಕೊಂಡಿತ್ತು.

"ಮನ್ಯಾಗ ಯಾರ ಅದಾರ ಈಗ?"

"ಅವ್ವ ಒಬ್ಬಾಕಿನೇ. ಅಕಿಗೆ ಕಣ್ಣ ಕಾಣಂಗಿಲ್ರಿ. ನಮ್ಮ ಮನ್ಯಾಗ ಕಂಪ್ಯೂಟರೂ ಇಲ್ಲ, ಏನೂ ಇಲ್ಲ. ಬರೀ ಫೋನದ..."

ಮಾತು ಮುಗಿಯುವ ಮೊದಲೇ ಅವಳು ಮೇಜಿನ ಫೋನಿಗೆ ಹಾರಿದ್ದಳು. ನಂಬರು ಒತ್ತಿದಳು. ಕುಂಯ್ ಕುಂಯ್ ಎಂದಿತು. ಲೈನು ಇನ್ನೂ ಖಾಲಿ ಇರಲಿಲ್ಲ. ಪರದೆಯ ಮೇಲೆ ಗೆರೆ ಅಂಚು ಮುಟ್ಟಿತು. ಮೋಡೆಮಿನ ದೀಪ ಆರಿತು. ಅವಳು ಮತ್ತೆ ಒತ್ತಿದಳು. ಈ ಸಲ ಗಂಟೆ ಹೋಯಿತು. ವೈಜನಾಥ ರಿಸೀವರಿನ ಹೊರಬದಿಗೆ ಕಿವಿ ಹಚ್ಚಿದ.

"ಹಲೋ, ಯಾರ್ರಿ?" ಮುದಿ ದನಿ, ಸಾವಕಾಶ.

"ಅವ್ವಾ, ನಾನು. ಮನ್ಯಾಗ ಯಾರರ ಬಂದಾರೇನು?"

"ನಿಮ್ಮ ಆಫೀಸಿನಾವ್ರೇ ಬಂದಾರಲ್ಲವ್ವ. ಫೋನಿನ ವೈರ್ ದುರಸ್ತಿ ಮಾಡಾಕ ನೀನೇ ಕಳಸಿದಿ ಅಂದ್ರು. ಅವಾಗಿಂದ ಏನೋ ಟಕ ಟಕ ಮಾಡಾಕತ್ತಾರ. ಚಾ ಮಾಡ್ಲಿ ಅಂದ್ರ ಬ್ಯಾಡ ಅಂತಾರ. ಭಾಳ ಛಲೋ ಮನಷ್ಯಾ."

ವೈಜನಾಥ ಅವಳ ಕೈ ಮೇಲೆ ಕೈಯಿಟ್ಟು ರಿಸೀವರ್ ಅಲುಗದಂತೆ ಹಿಡಿದ. ಹೆಸರು ಕೇಳು ಎಂದು ತುಟಿಯಲ್ಲೇ ಹೇಳಿದ.

"ಅವ್ವಾ... ಅವರ ಹೆಸರೇನಂತ?"

"ತಡಿ, ಕೇಳ್ತೀನಿ." ಪೂನಂಳ ತಾಯಿ ಸಖುಬಾಯಿ ಮುಖ ಆ ಕಡೆ ತಿರುಗಿಸಿರಬೇಕು, ದನಿ ದೂರವಾಯಿತು. "ತಮ್ಮಾ, ನಿಮ್ಮ ಹೆಸರೇನಂದ್ರಿ? ನಮ್ಮ ಹುಡುಗಿ ಕೇಳಾಕತ್ತಾಳ."

ಗಂಡಸಿನ ದನಿ ಏನೋ ಅಂದಿತು. ಮೆತ್ತಗೆ, ಅವಸರವಿಲ್ಲದೆ. ಮಾತು ತಿಳಿಯಲಿಲ್ಲ.

ಸಖುಬಾಯಿ ಮತ್ತೆ ಫೋನಿಗೆ ಬಂದಳು.

"ಗುಂಡಪ್ಪ ಅಂತವ್ವ. ಮೋರಖಂಡಿ ಗುಂಡಪ್ಪ. ಅಷ್ಟ ಹೇಳ್ರಿ, ಅಕಿಗೆ ಗೊತ್ತಾಗ್ತದ ಅಂದ್ರು."

"ಅವ್ವಾ, ಹೊರಗ ನಡಿ! ಬಾಗ್ಲಾ ತೆಗದು ಹೊರಗ ಓಡು!"

"ಯಾಕವ್ವ, ಏನಾತು? ಅವರ ಹೆಜ್ಜಿ ಸಪ್ಪಳ ಈಗ ಬಾಗ್ಲದ ಕಡೆನೇ ಹೊಂಟದ ನೋಡು..."

ಆ ಕಡೆ ಕಬ್ಬಿಣದ ಚಿಲಕ ಸರಿದು ಬಿದ್ದ ಸಪ್ಪಳ ಇಬ್ಬರಿಗೂ ಕೇಳಿಸಿತು. ಅದು ತೆಗೆದ ಸಪ್ಪಳವಲ್ಲ. ಒಳಗಿನಿಂದ ಹಾಕಿದ ಸಪ್ಪಳ.

ಫೋನು ಸತ್ತುಹೋಯಿತು.